ಉತ್ತರದಣ್ಣನ ತಪ್ಪು ಉತ್ತರ

"ಇದನ್ನ ಬರೆದಿರೋದು ನಿನ್ನ ತಮ್ಮ ಅಲ್ಲಮ್ಮ," ಎಂದಳು ಬೆರಳಮ್ಮ, ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳದೆ.

ಕಿಟಕಿಯ ಬಳಿ ನಿಂತು ತಮ್ಮನ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದ ಅಕ್ಕನ ಕೈ ಗಕ್ಕನೆ ನಿಂತಿತು.

"ಏನಂದ್ರಿ?"

"ಗುರುವಾರ ಸಂಜೆಯ ಈ ಉತ್ತರ. ಇದನ್ನ ಬರೆದಿದ್ದಾನೆ ಅಂದ್ರೆ ಅಲ್ಲಿ ತನಕ ಬದುಕಿದ್ದ ಅಂತ ಪೊಲೀಸರು ಹಿಡ್ಕೊಂಡು ಕೂತಿದ್ದಾರಲ್ಲ, ಇದೇ. ಇದು ಅವನದಲ್ಲ."

ಅಕ್ಕ ಅಂಗಿಯನ್ನು ಎದೆಗೆ ಅವುಚಿಕೊಂಡು ಗೋಡೆಗೊರಗಿದಳು. ಕೂರೋಣವೆಂದರೆ ಆ ಕೋಣೆಯಲ್ಲಿ ಇದ್ದದ್ದೇ ಒಂದು ಕುರ್ಚಿ. ಎರಡನೆಯವರು ಬಂದರೆ ನಿಂತೇ ಇರಬೇಕಾದ ಮನೆ ಅದು. ಅಂಥ ಮನೆಯಲ್ಲಿ ವರ್ಷಗಟ್ಟಲೆ ಒಬ್ಬನೇ ಇದ್ದವನು ಶನಿವಾರ ಯಾರೂ ಹೆಚ್ಚು ಓಡಾಡದ ತಾರಸಿಯ ಹಿಂಬದಿ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ಗುರುವಾರ ರಾತ್ರಿ ಕತ್ತಲಲ್ಲಿ ಕಾಲು ಜಾರಿತು ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು.

ಬೀದಿಯವರಿಗೆ ಅವನ ಮುಖ ಕೂಡ ಸರಿಯಾಗಿ ನೆನಪಿರಲಿಲ್ಲ. ಆದರೆ ಕಂಪ್ಯೂಟರಿನೊಳಗೆ ಅವನಿಗೊಂದು ದೊಡ್ಡ ಸಂಸಾರವೇ ಇತ್ತು. ಹಳೆಯ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲು ಹೊರಟು, ಅರ್ಧದಾರಿಯಲ್ಲಿ ಕಂಗೆಟ್ಟವರು ಬಂದು ಕೇಳುವ ಫೋರಂ ಅದು. ಯಾವ ಊರಿನ ಯಾರೇ ಇರಲಿ, ಎಷ್ಟು ಪೆದ್ದು ಪ್ರಶ್ನೆಯೇ ಆಗಲಿ, ಅಲ್ಲಿ ಉತ್ತರ ಕೊಡುತ್ತಿದ್ದವನು ಇವನು. ಎಲ್ಲರೂ ಅವನನ್ನು ಉತ್ತರದಣ್ಣ ಎಂದೇ ಕರೆಯುತ್ತಿದ್ದರು.

ಸತ್ತ ಸುದ್ದಿ ಅಲ್ಲಿಗಿನ್ನೂ ಮುಟ್ಟಿರಲಿಲ್ಲ. ಬೆರಳಮ್ಮ ನೋಡುತ್ತಿದ್ದಂತೆಯೇ ಹೊಸದೊಂದು ಪ್ರಶ್ನೆ ಬಂದು ಬಿತ್ತು. "ಉತ್ತರದಣ್ಣಾ, ಎಲ್ಲಿದ್ದೀರಿ? ನನ್ನದು ಅರ್ಧಕ್ಕೇ ನಿಂತಿದೆ." ಅದರ ಬೆನ್ನಿಗೆ ಇನ್ನೊಂದು. ಬೀಗ ಬಿದ್ದ ಮನೆಯ ಬಾಗಿಲಿಗೆ ಪೇಪರಿನವನು ದಿನಾ ಪೇಪರು ಎಸೆದು ಹೋದಂತೆ ಪ್ರಶ್ನೆಗಳು ರಾಶಿ ಬೀಳುತ್ತಿದ್ದವು.

"ಅದು ಹೇಗೆ ಹೇಳ್ತೀರಿ ಅಮ್ಮ? ಅದರಲ್ಲಿ ಯಾರು ಬರೆದ್ರೂ ಅಕ್ಷರ ಒಂದೇ ಥರ ಇರುತ್ತಲ್ಲ," ಎಂದಳು ಅಕ್ಕ.

ನ್ಯಾಯವಾದ ಮಾತೇ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಭೂತಗನ್ನಡಿಯ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿಸಿಕೊಂಡವಳು ಬೆರಳಮ್ಮ. ಆ ಅಡ್ಡಹೆಸರು ನಿವೃತ್ತಿಯಾದ ಮೇಲೂ ಅವಳನ್ನು ಬಿಟ್ಟಿರಲಿಲ್ಲ. ಲೆಕ್ಕವಿಲ್ಲದಷ್ಟು ಜನರ ಬೆರಳಿನ ಗೆರೆ, ಸುಳಿ ಬಲ್ಲವಳು. ಅವರಲ್ಲಿ ಒಬ್ಬರ ಕೈಯನ್ನೂ ಹಿಡಿದು ಮಾತಾಡಿಸಿದವಳಲ್ಲ. ಆದರೆ ಪರದೆಯ ಮೇಲಿನ ಅಕ್ಷರಕ್ಕೆ ಯಾವ ಗೆರೆ, ಯಾವ ಸುಳಿ?

"ಅಕ್ಷರ ಒಂದೇ ಥರ ಇರಬಹುದು. ತಪ್ಪು ಒಬ್ಬೊಬ್ಬರದು ಒಂದೊಂದು ಥರ," ಎಂದಳು. "ಬಾ, ಓದು."

ಅಕ್ಕ ಬಗ್ಗಿ ಓದಿದಳು. ಯಾರೋ ಕೇಳಿದ್ದರು: "ಉತ್ತರದಣ್ಣಾ, ನನ್ನ ಕಂಪ್ಯೂಟರ್ ಮೇಲೆ ಇಂಟೆಲ್ ಅಂತ ಸ್ಟಿಕರ್ ಇದೆ. ಡೌನ್‌ಲೋಡ್ ಪುಟದಲ್ಲಿ ಎಎಂಡಿ64, ಆರ್ಮ್64, ಐ386 ಅಂತೆಲ್ಲ ಇದೆ. ಇಂಟೆಲ್ ಅಂತ ಒಂದೂ ಇಲ್ಲ. ಯಾವುದನ್ನು ಇಳಿಸಿಕೊಳ್ಳಲಿ?"

ಕೆಳಗೆ ಉತ್ತರದಣ್ಣನ ಹೆಸರಿನಲ್ಲಿ ಉತ್ತರ: "ಎಎಂಡಿ64 ಬೇಡ. ಅದು ಎಎಂಡಿ ಕಂಪನಿಯ ಚಿಪ್ ಇರುವವರಿಗೆ ಮಾತ್ರ. ನಿಮ್ಮದು ಇಂಟೆಲ್, ಐ386 ಇಳಿಸಿಕೊಳ್ಳಿ."

"ಸರಿಯಾಗೇ ಇದೆಯಲ್ಲ?"

"ನನಗೂ ಮೊದಲು ಹಾಗೇ ಅನ್ನಿಸ್ತು ಕಣಮ್ಮ. ಅಲ್ಲೇ ಇರೋದು ಮೋಸ."

ಬೆರಳಮ್ಮ ಇದನ್ನೆಲ್ಲ ತನ್ನ ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನ ಮೇಲೆ ಮಾಡಿ ನೋಡಿದ್ದಳು. ಅವಳದಕ್ಕೂ ಇಂಟೆಲ್ ಸ್ಟಿಕರ್. ಎಎಂಡಿ ಎಂದರೆ ಪಕ್ಕದ ಮನೆಯ ಸಮಾಚಾರ, ನಮಗ್ಯಾಕೆ ಎಂದು ಬಿಟ್ಟಳು. ಆರ್ಮ್ ಎಂದರೆ ತೋಳು. ಬೆರಳಿಗೂ ತೋಳಿಗೂ ಏನಾದರೂ ನೆಂಟಸ್ತಿಕೆ ಇದ್ದೀತು ಎಂದು ಅದನ್ನು ಪೆನ್‌ಡ್ರೈವಿಗೆ ಹಾಕಿ ಚುಚ್ಚಿದಳು. ಲ್ಯಾಪ್‌ಟಾಪು ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಬೇರೆ ದಾರಿ ಕಾಣದೆ, ಉತ್ತರದಣ್ಣನ ಹಳೆಯ ಉತ್ತರಗಳನ್ನು ಓದುತ್ತ ಮಧ್ಯಾಹ್ನಗಳನ್ನು ಕಳೆದಳು.

ಒಬ್ಬರಿಗೆ ಅವನು ಹೀಗೆ ಬರೆದಿದ್ದ: "ಹೆಸರು ನೋಡಿ ಹೆದರಬೇಡಿ. ದಾರಿಯನ್ನು ಯಾರು ಮೊದಲು ಕಡಿದರೋ ಅವರ ಹೆಸರೇ ದಾರಿಗೆ ಉಳಿಯಿತು, ಅಷ್ಟೆ. ಅರವತ್ನಾಲ್ಕು ಬಿಟ್ಟಿನ ಈ ದಾರಿ ಮೊದಲು ಹಾಕಿದವರು ಎಎಂಡಿಯವರು. ಆಮೇಲೆ ಇಂಟೆಲ್‌ನವರೂ ಅದರಲ್ಲೇ ನಡೆದರು. ಹಾಗಾಗಿ ನಿಮ್ಮದು ಇಂಟೆಲ್ ಆದರೂ ಎಎಂಡಿ64 ಫೈಲೇ ಬೇಕು. ಕೆಲವರು ಇದನ್ನೇ ಎಕ್ಸ್86-64 ಎಂದು ಬರೆಯುತ್ತಾರೆ. ಮನೆಯಲ್ಲೊಂದು ಹೆಸರು, ಶಾಲೆಯಲ್ಲೊಂದು ಹೆಸರು, ಮಗು ಒಂದೇ. ಐ386 ತೀರಾ ಹಳೆಯ ಯಂತ್ರಗಳಿಗೆ. ಆರ್ಮ್64ದು ಬೇರೆಯೇ ವಂಶ, ಅದರ ತಂಟೆಗೆ ಹೋಗಬೇಡಿ."

ಇದೇ ಪ್ರಶ್ನೆಯನ್ನು ಜನ ಮತ್ತೆ ಮತ್ತೆ ಕೇಳಿದ್ದರು. ಒಂದು ಸಲವೂ ಮುಖ ಸಿಂಡರಿಸದೆ, ಹಳೆಯ ಉತ್ತರವನ್ನೇ ತಂದು ಅಂಟಿಸದೆ, ಪ್ರತಿ ಸಲ ಹೊಸದಾಗಿ ಹೇಳಿದ್ದ. ಓದುತ್ತ ಓದುತ್ತ ಬೆರಳಮ್ಮನಿಗೆ, ತನಗೆ ಯಾರಾದರೂ ಇಷ್ಟು ತಾಳ್ಮೆಯಿಂದ ಏನನ್ನಾದರೂ ಹೇಳಿ ಎಷ್ಟು ಕಾಲವಾಯಿತು ಎನ್ನಿಸಿತ್ತು. ಅವನ ಮಾತಿನಂತೆ ಎಎಂಡಿ64 ಹಾಕಿದಳು. ಲ್ಯಾಪ್‌ಟಾಪು ಎದ್ದು ಕೂತಿತು. ಥ್ಯಾಂಕ್ಸ್ ಹೇಳೋಣವೆಂದರೆ ಹೇಳಿಸಿಕೊಳ್ಳಬೇಕಾದವನು ಇರಲಿಲ್ಲ.

"ದಿನಾ ಓಡಾಡೋ ಬೀದೀಲಿ ಯಾರಾದ್ರೂ ತಮ್ಮ ಮನೆ ದಾರಿ ತಪ್ಪಿ ಹೇಳ್ತಾರಾ?" ಎಂದಳು ಅಕ್ಕನಿಗೆ. "ಇದು ಅವನಿಗೆ ಮನೆ ದಾರಿ. ಇಲ್ಲಿ ಅವನು ಎಡವೋನಲ್ಲ. ಬೇರೆ ಯಾರೋ ಅವನ ಹೆಸರಲ್ಲಿ ಬರೆದಿದ್ದಾರೆ. ಯಾಕೆ ಅಂದ್ರೆ, ಆ ಹೊತ್ತಿಗೆ ಬರೆಯೋಕೆ ಅವನು ಇರಲಿಲ್ಲ."

"ಹಾಗಾದ್ರೆ ಅವನು ಹೋಗಿದ್ದು..."

"ಮುಂಚೆ. ಬಹುಶಃ ಬುಧವಾರವೇ."

ಅಕ್ಕ ಗೋಡೆಗುಂಟ ಜಾರಿ ನೆಲಕ್ಕೆ ಕುಸಿದಳು.

"ಬುಧವಾರ ಮಧ್ಯಾಹ್ನ ಅವನ ಫೋನ್ ಬಂದಿತ್ತು ಅಮ್ಮ. ನಾನು ಎತ್ತಲಿಲ್ಲ. ಇಷ್ಟು ವರ್ಷ ಮಾತಿಲ್ಲ ಕತೆಯಿಲ್ಲ, ಈಗೇನು ಅಂತ ಸಿಟ್ಟು. ಗುರುವಾರ ಚೆನ್ನಾಗೇ ಇದ್ದನಂತಲ್ಲ, ಏನೋ ಸುಮ್ಮನೆ ಮಾಡಿರಬೇಕು ಅಂತ ಸಮಾಧಾನ ಮಾಡ್ಕೊಂಡಿದ್ದೆ. ಈಗ ಅದನ್ನೂ ಕಿತ್ಕೊಂಡ್ರಿ ನೀವು."

ಬೆರಳಮ್ಮ ಕುರ್ಚಿಯಿಂದೆದ್ದು ಅವಳ ಪಕ್ಕದಲ್ಲಿ ಮಂಡಿಯೂರಿ, ತಲೆಯ ಮೇಲೆ ಕೈಯಿಟ್ಟಳು. ಇನ್ನೊಬ್ಬರ ತಲೆಯ ಬಿಸಿ ಅಂಗೈಗೆ ತಾಗಿದಾಗ, ಕೈ ತೆಗೆಯಲು ಅವಳಿಗೇ ಮನಸ್ಸಾಗಲಿಲ್ಲ. ತಮ್ಮನ ಸಾವಿನ ನಿಜ ತಿಳಿಯಬೇಕೆಂದು ಈ ಹೆಣ್ಣು ತನ್ನ ಬಾಗಿಲು ತಟ್ಟಿದ ಮೇಲೆಯೇ ಅವಳು ದಿನಾ ಒಬ್ಬರ ಜೊತೆ ಕೂತು ಮಾತಾಡತೊಡಗಿದ್ದು.

"ಈ ಮನೆ ಹೇಗಿದೆ ಅಂತ ಕೂಡ ನೋಡಿರಲಿಲ್ಲ ನಾನು," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಅವನು ಹೋದ ಮೇಲೇ ಈ ಮೆಟ್ಟಿಲು ಹತ್ತಿದ್ದು. ಹೇಳಿ, ಯಾರು ಬರೆದಿದ್ದು?"

"ನೀನು ಸ್ವಲ್ಪ ಸುಧಾರಿಸ್ಕೋ. ನಾನು ಕೆಳಗೆ ಹೋಗಿ ಒಂದು ಫೋಟೋ ತೆಗೆಸ್ಕೊಂಡು ಬರ್ತೀನಿ."

ಹಾಗೆ ಹೇಳಲು ಕಾರಣವಿತ್ತು. ಹಳೆಯ ಉತ್ತರವೊಂದರಲ್ಲಿ ಉತ್ತರದಣ್ಣ ಬರೆದಿದ್ದ: "ಈ ವಾರ ನನ್ನ ಕಂಪ್ಯೂಟರ್ ಮುಷ್ಕರ ಹೂಡಿದೆ. ಕೆಳಗಿನ ಸ್ಟುಡಿಯೋದ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಇದರ ಮೇಲೂ ಇಂಟೆಲ್ ಸ್ಟಿಕರ್, ಒಳಗೆ ನಾನೇ ಹಾಕಿಕೊಟ್ಟ ಎಎಂಡಿ64. ಜಿಂಕೆಯ ಹಾಗೆ ಓಡುತ್ತಿದೆ."

ಆ ಲ್ಯಾಪ್‌ಟಾಪಿನಲ್ಲಿ ಅವನ ಖಾತೆ ತೆರೆದೇ ಉಳಿದಿದ್ದರೆ?

ಮೇಲಿನ ಮನೆಯ ಇನ್ನೊಂದು ಕೀಲಿಕೈ ಸ್ಟುಡಿಯೋದವನ ಹತ್ತಿರವೇ ಇತ್ತು. ಹೆಣ ನೋಡಿ ಕೂಗಿಕೊಂಡವನೂ ಅವನೇ. ಆದರೆ ಗುರುವಾರ ಬೆಳಗ್ಗೆಯೇ ಪರವೂರಿನ ಮದುವೆಗೆ ಫೋಟೋ ತೆಗೆಯಲು ಹೋಗಿ ಶನಿವಾರ ಮರಳಿದ್ದ. ಮದುವೆಗೆ ಬಂದವರೆಲ್ಲ ಅವನ ಪರ ಸಾಕ್ಷಿ. ಪೊಲೀಸರು ಅವನನ್ನು ಎರಡನೇ ಮಾತು ಕೇಳಿರಲಿಲ್ಲ. ಸಾವು ಬುಧವಾರಕ್ಕೆ ಸರಿದರೆ, ಆ ಸಾಕ್ಷಿಗಳೆಲ್ಲ ಉಂಡು ಹೋದ ನೆಂಟರು ಅಷ್ಟೆ.

ಸ್ಟುಡಿಯೋದ ಗಾಜಿನ ತುಂಬ ಬೇರೆಯವರ ಮದುವೆಗಳು ನಗುತ್ತಿದ್ದವು. ಊರವರ ಮದುವೆಯ ಫೋಟೋ ತೆಗೆದೂ ತೆಗೆದೂ ತಾನು ಮದುವೆಯಾಗುವುದನ್ನೇ ಮರೆತ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದ ಸ್ಟುಡಿಯೋದವನು ನಲವತ್ತು ದಾಟಿದ ಗಂಡಸು. ಗಡ್ಡ ಬೋಳಿಸದೆ ದಿನಗಳಾಗಿದ್ದವು.

"ಪೆನ್ಷನ್ ಕಾಗದಕ್ಕೆ ಒಂದು ಫೋಟೋ ಬೇಕಿತ್ತಪ್ಪ."

"ಕೂತ್ಕೊಳ್ಳಿ ಅಮ್ಮ. ಗದ್ದ ಸ್ವಲ್ಪ ಮೇಲೆ. ನಗಬೇಡಿ."

"ನಗೋ ಅಭ್ಯಾಸ ತಪ್ಪಿ ಎಷ್ಟೋ ದಿನ ಆಯ್ತು, ಹೆದರಬೇಡ."

ಬೆಳಕು ಫಳ್ಳೆಂದಿತು. ಅವನು ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿದ. ಬೆರಳಮ್ಮ ಸ್ಟೂಲನ್ನು ಎಳೆದುಕೊಂಡು ಪಕ್ಕಕ್ಕೆ ಬಂದಳು. ಕೀಬೋರ್ಡಿನ ಮೂಲೆಯಲ್ಲಿ ಅರ್ಧ ಕೆತ್ತಿಹೋದ ಇಂಟೆಲ್ ಸ್ಟಿಕರ್.

"ನನ್ನದೂ ಇಂಟೆಲ್ಲೇ," ಎಂದಳು. "ಹೊಸ ಸಿಸ್ಟಮ್ ಹಾಕೋಣ ಅಂತ ನೋಡಿದ್ರೆ ಎಎಂಡಿ64, ಐ386 ಅಂತ ಏನೇನೋ ಇದೆ. ಕೇಳೋಣ ಅಂದ್ರೆ ಮೇಲಿನವನಿಲ್ಲ. ಯಾವುದು ತಗೊಳ್ಳಲಿ?"

"ಎಎಂಡಿ ಬೇಡ ಅಮ್ಮ, ಅದು ಬೇರೆ ಕಂಪನಿದು. ಐ386 ತಗೊಳ್ಳಿ. ಐ ಅಂದ್ರೆ ಇಂಟೆಲ್." ಅವನು ಫೋಟೋದಲ್ಲಿ ಅವಳ ಕೆನ್ನೆಯ ಮೇಲೆ ಬಿದ್ದ ನೆರಳನ್ನು ಅಳಿಸುತ್ತಿದ್ದ.

ಮೀನು ತಾನಾಗಿಯೇ ಬುಟ್ಟಿಗೆ ಹಾರಿತ್ತು.

"ಇದಕ್ಕೆ ಅವನು ಯಾವುದು ಹಾಕಿಕೊಟ್ಟಿದ್ದ?"

"ಅದೇ ಇರಬೇಕು. ಹಾಕಿದ ಪೆನ್‌ಡ್ರೈವ್ ಇಲ್ಲೇ ಎಲ್ಲೋ ಬಿಟ್ಟು ಹೋಗಿದ್ದ."

ಡ್ರಾಯರ್ ಎಳೆದ. ಬ್ಯಾಟರಿಗಳ ನಡುವೆ ಕೈಯಾಡಿಸಿ ಒಂದು ಪೆನ್‌ಡ್ರೈವ್ ಎತ್ತಿದ. ಅದಕ್ಕೆ ಸುತ್ತಿದ್ದ ಬಿಳಿ ಟೇಪಿನ ಮೇಲೆ ಸಣ್ಣ, ದುಂಡನೆಯ ಅಕ್ಷರ: "ಸ್ಟುಡಿಯೋ. ಎಎಂಡಿ64. ಕೆಟ್ಟರೆ ಗಾಬರಿ ಬೇಡ, ನನ್ನನ್ನು ಕರೆ."

ಓದಿದವನು ಟೇಪಿನ ಮೇಲೆ ಹೆಬ್ಬೆರಳು ಸವರಿದ. ಅವನನ್ನು ಕಲಕಿದ್ದು ಕೊನೆಯ ಮಾತೋ, ನಡುವಿನದೋ, ಬೆರಳಮ್ಮನಿಗೆ ಗೊತ್ತಾಗಲಿಲ್ಲ.

"ಗುರುವಾರ ಸಂಜೆ ಫೋರಂನಲ್ಲಿ ಒಬ್ಬರಿಗೆ ನೀನು ಈಗ ಹೇಳಿದ್ದನ್ನೇ ಹೇಳಿದ್ದಾರೆ," ಎಂದಳು ಮೆಲ್ಲಗೆ. "ಎಎಂಡಿ ಬೇಡ, ಐ386 ತಗೊಳ್ಳಿ ಅಂತ. ಅದೂ ಅವನ ಹೆಸರಲ್ಲಿ. ಮದುವೆ ಮನೇಲಿ ಊಟಕ್ಕೆ ಕೂರೋ ಮುಂಚೆ ಬರೆದೆಯಾ, ಎದ್ದ ಮೇಲಾ?"

ಅವನು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿದ.

"ಅಮ್ಮಾ, ನಾನು ತಳ್ಳಲಿಲ್ಲ."

"ತಳ್ಳಿದೆ ಅಂತ ನಾನು ಅನ್ನಲೇ ಇಲ್ವಲ್ಲಪ್ಪ."

ಹೊರಗೆ ಯಾರೋ ಗಾಜಿನೊಳಗೆ ಇಣುಕಿ ಮುಂದೆ ಹೋದರು. ಸ್ಟುಡಿಯೋದವನು ಎದ್ದು ಬಾಗಿಲಿಗೆ ಚಿಲಕ ಹಾಕಿದ. ಬೆರಳಮ್ಮ ಕದಲಲಿಲ್ಲ.

"ಬುಧವಾರ ಮಧ್ಯಾಹ್ನ ನಮ್ಮಿಬ್ಬರಿಗೂ ಜಗಳ ಆಯ್ತು," ಎಂದ, ಬೆನ್ನು ಕೊಟ್ಟುಕೊಂಡೇ. "ಅಂಗಡಿ ಮುಂದೆ, ಎಲ್ಲರೆದುರಿಗೆ. ಮನೆ ಖಾಲಿ ಮಾಡ್ತೀನಿ ಅಂದ. ಇಷ್ಟು ವರ್ಷ ಇಲ್ಲೇ ಒಟ್ಟಿಗೆ ಊಟ ಮಾಡಿದೀವಿ ಅಮ್ಮ. ಅವನು ಪಲ್ಯ ಮಾಡಿದ್ರೆ ನಾನು ಸಾರು. ಒಂದು ಮಾತು ಕೇಳದೆ ಹೊರಟು ನಿಂತಿದ್ದ. 'ಈ ಮೆಟ್ಟಿಲಿಳಿದು ಹೋದೆಯೋ ಕಾಲು ಮುರೀತೀನಿ' ಅಂತ ಕೂಗಿಬಿಟ್ಟೆ. ಬೀದಿಗೆ ಬೀದಿಯೇ ಕೇಳಿಸ್ಕೊಂಡಿದೆ."

"ಆಮೇಲೆ?"

"ಸಂಜೆ ಮನಸ್ಸು ತಡೀಲಿಲ್ಲ, ರಾಜಿ ಮಾಡ್ಕೊಳ್ಳೋಣ ಅಂತ ಹತ್ತಿದೆ. ಬಾಗಿಲು ತೆರೆದಿತ್ತು, ಲೈಟು ಉರೀತಿತ್ತು. ಒಳಗಿಲ್ಲ. ತಾರಸೀಲಿ ನೋಡಿದ್ರೆ ಅಲ್ಲೂ ಇಲ್ಲ. ಹಿಂದಿನ ಮೆಟ್ಟಿಲಲ್ಲಿ ಬಗ್ಗಿ ನೋಡಿದೆ..." ಅವನು ಚಿಲಕವನ್ನು ಹಿಡಿದುಕೊಂಡ. "ಉಸಿರಿರಲಿಲ್ಲ ಅಮ್ಮ. ಕಾಲು ಮುರೀತೀನಿ ಅಂದವನು ನಾನು. ಯಾರು ನಂಬ್ತಾರೆ? ಲೈಟು ಆರಿಸಿ, ಬಾಗಿಲಿಗೆ ಬೀಗ ಹಾಕ್ಕೊಂಡು ಬಂದುಬಿಟ್ಟೆ. ಅವನನ್ನ ಅಲ್ಲೇ ಬಿಟ್ಟು, ಮಾರನೇ ದಿನ ಮದುವೆ ಮನೇಲಿ ಜನರನ್ನ 'ನಗಿ, ನಗಿ' ಅಂತ ನಗಿಸ್ತಾ ಫೋಟೋ ತೆಗೆದೆ."

ಇಷ್ಟು ದಿನ ಯಾರಿಗೂ ಹೇಳದೆ ಹೊತ್ತುಕೊಂಡಿದ್ದನ್ನು ಇಳಿಸಿದವನಂತೆ ಅವನು ಬಿಳಿ ಪರದೆಯ ಬುಡದಲ್ಲಿ ಕೂತ. ಸುಳ್ಳು ಹೇಳುವವರನ್ನು ಬೆರಳಮ್ಮ ಬೇಕಾದಷ್ಟು ನೋಡಿದ್ದಳು. ಇವನು ಅಳುತ್ತಿದ್ದದ್ದು ಸಿಕ್ಕಿಬಿದ್ದೆನೆಂದಲ್ಲ, ಒಂಟಿಯಾದೆನೆಂದು.

"ಮನೆ ಖಾಲಿ ಮಾಡಿ ಎಲ್ಲಿಗೆ ಹೋಗೋನಿದ್ದ?"

"ಅಕ್ಕ ಕರೀತಿದಾಳೆ, ಅವಳ ಹತ್ರಾನೇ ಹೋಗ್ತೀನಿ ಅಂದ."

ಬೆರಳಮ್ಮನ ಕಿವಿ ನೆಟ್ಟಗಾಯಿತು. "ಅಕ್ಕನ ಜೊತೆ ಅವನಿಗೆ ಮಾತೇ ಇರಲಿಲ್ವಂತಲ್ಲ?"

"ನಂಗೇನು ಗೊತ್ತಮ್ಮ. ಅವನು ಹೇಳಿದ್ದನ್ನ ಹೇಳ್ದೆ."

ಬುಧವಾರ ಮಧ್ಯಾಹ್ನ ತಮ್ಮನ ಫೋನ್ ಎತ್ತದವಳು, ಕರೆದಿದ್ದಾದರೂ ಯಾವಾಗ? ಬೆರಳಮ್ಮ ಆ ಎಳೆಯನ್ನು ಮನಸ್ಸಿನಲ್ಲೇ ಗಂಟು ಹಾಕಿಟ್ಟಳು. ಕೇಳಬೇಕಾದದ್ದು ಇನ್ನೊಂದಿತ್ತು.

"ಉತ್ತರ ನೀನು ಬರೆದೆ, ಸರಿ. ಪ್ರಶ್ನೇನೂ ನಿಂದೇನಾ?"

"ಅಯ್ಯೋ ಇಲ್ಲಮ್ಮ. ಖಾತೆ ಇದರಲ್ಲಿ ತೆರೆದೇ ಇತ್ತು. ಅವನ ಹೆಸರು ಹಿಡಿದು ಯಾರೋ ಕೇಳಿದ್ರು. ಸುಲಭ ಇದೆಯಲ್ಲ, ಉತ್ತರ ಕೊಟ್ರೆ ಅವನು ಗುರುವಾರ ತನಕ ಇದ್ದ ಅಂತಾಗುತ್ತೆ ಅಂತ ಬರೆದೆ. ಬರೆದು ಹಾಕಿದ ಸ್ವಲ್ಪ ಹೊತ್ತಿಗೇ..." ಅವನು ತಡವರಿಸಿದ. "ಪೊಲೀಸರಿಗೆ ತೋರಿಸೋಣ ಅಂದ್ಕೊಂಡೆ. ತೋರಿಸಿದ್ರೆ ನಾನು ಬರೆದಿದ್ದು ಹೊರಗೆ ಬರುತ್ತೆ. ಹೇಳಿದ್ರೆ ಕಷ್ಟ, ಬಿಟ್ರೆ ಕಷ್ಟ."

"ಏನು ತೋರಿಸೋದು?"

ಅವನು ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿ, ಬೇರೆ ಯಾರಿಗೂ ಕಾಣದಂತೆ ಉತ್ತರದಣ್ಣನೊಬ್ಬನಿಗೇ ಬಂದಿದ್ದ ಸಂದೇಶವನ್ನು ತೆರೆದ. ಕಳಿಸಿದ್ದು ಪ್ರಶ್ನೆ ಕೇಳಿದವರೇ. ಅದೇ ಗುರುವಾರ ಸಂಜೆ. ಹೆಣ ಸಿಗಲು ಇನ್ನೂ ಎರಡು ದಿನ ಇದ್ದಾಗ.

"ನೀನು ಅವನಲ್ಲ. ಈ ಪ್ರಶ್ನೆಗೆ ಅವನು ನಿದ್ದೆಗಣ್ಣಿನಲ್ಲೂ ಸರಿಯಾಗಿ ಉತ್ತರಿಸುತ್ತಿದ್ದ. ಬದುಕಿದ್ದಾನೇನೋ ಎಂಬ ಆಸೆಯಿಂದ ಕೇಳಿದೆ. ಇನ್ನು ಆ ಆಸೆಯೂ ಇಲ್ಲ."

ಅದರ ಕೆಳಗೆ ಇನ್ನೊಂದು.

"ನಿನ್ನೆ ಸಂಜೆ ಆ ಮೆಟ್ಟಿಲಿನ ತುದಿಯಲ್ಲಿ ಅವನ ಎದುರು ಒಬ್ಬ ಹೆಂಗಸು ನಿಂತಿದ್ದಳು. ನಾನು ಕಣ್ಣಾರೆ ನೋಡಿದ್ದೇನೆ. ಅವನು ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದ."

ಬೆರಳಮ್ಮ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. ಅಕ್ಷರ ಬದಲಾಗಲಿಲ್ಲ. ಅಕ್ಕಾ ಎಂದು ಯಾರು ಯಾರನ್ನು ಬೇಕಾದರೂ ಕರೆಯಬಹುದು, ಎಂದುಕೊಂಡಳು. ತಮ್ಮನನ್ನು ಕೊಂದವಳು ತಾನಾಗಿಯೇ ಪೊಲೀಸ್ ಇಲಾಖೆಯಲ್ಲಿದ್ದವಳ ಬಾಗಿಲು ತಟ್ಟುತ್ತಾಳೆಯೇ? ಸಾವು ಬುಧವಾರ ಎಂದಾಗ ಅವಳು ಕುಸಿದಿದ್ದು ದುಃಖದಿಂದ. ಅಥವಾ, ಭಯದಿಂದ. ಅಂಗೈಗೆ ತಾಗಿದ ಆ ತಲೆಯ ಬಿಸಿಯಲ್ಲಿ ಎರಡರ ನಡುವಿನ ವ್ಯತ್ಯಾಸ ಅವಳಿಗೆ ತಿಳಿದಿರಲಿಲ್ಲ.

"ಇವರು ಯಾರು?"

"ಗೊತ್ತಿಲ್ಲ ಅಮ್ಮ. ಆಮೇಲೆ ನಾನು ಎಷ್ಟು ಸಲ ಬರೆದ್ರೂ ಉತ್ತರ ಬರಲಿಲ್ಲ."

ಅಷ್ಟರಲ್ಲಿ ಮೇಲಿನ ಮೆಟ್ಟಿಲಿಂದ ದನಿ ಕೇಳಿಸಿತು.

"ಅಮ್ಮಾ, ಫೋಟೋ ಆಯ್ತಾ? ಚಹಾ ಮಾಡಿದೀನಿ. ಒಬ್ಬಳೇ ಕುಡಿಯೋಕೆ ಮನಸ್ಸಾಗ್ತಿಲ್ಲ, ಬನ್ನಿ."

ಸ್ಟುಡಿಯೋದವನು ಬೆಳ್ಳಗೆ ಬಿಳಿಚಿಕೊಂಡು ಬೆರಳಮ್ಮನ ಮುಖ ನೋಡಿದ. ತಲೆ ಅಲ್ಲಾಡಿಸಿದ, ಹೋಗಬೇಡಿ ಎಂಬಂತೆ.

ಬೆರಳಮ್ಮ ಲ್ಯಾಪ್‌ಟಾಪನ್ನು ಸದ್ದಾಗದಂತೆ ಮುಚ್ಚಿದಳು. "ಇದನ್ನ ಯಾರಿಗೂ ಕೊಡಬೇಡ," ಎಂದು ಪಿಸುಗುಟ್ಟಿ, ಚಿಲಕ ತೆಗೆದಳು.

"ಬಂದೆ ಕಣಮ್ಮ," ಎಂದು ಮೇಲಕ್ಕೆ ಕೂಗಿ ಹೇಳಿ, ಮೆಟ್ಟಿಲು ಹತ್ತತೊಡಗಿದಳು.